ಮಳೆ ಬಿಟ್ಟ ದಿನ ಮಲಗುವ ಮುಳ್ಳು

1964ನೇ ಇಸವಿ ಅಕ್ಟೋಬರ್ ಹನ್ನೆರಡು, ಸೋಮವಾರ, ಬೆಳಿಗ್ಗೆ ಎಂಟೂ ಮುಕ್ಕಾಲು. ಹೊಸನಗರದ ತಾಲೂಕು ಕಚೇರಿಯ ಹಿಂದಿನ ಅಂಗಳದಲ್ಲಿ ಮಳೆ ಮಾಪಕ ನೋಡಿ, ಪುಸ್ತಕದಲ್ಲಿ ಸೊನ್ನೆ ಬರೆದು, ಅರ್ಧ ದಿನದ ರಜೆ ಚೀಟಿ ಕೊಟ್ಟು ಮನೆಗೆ ಬಂದೆ. ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಅಣ್ಣನ ಮೋಟಾರ್ ಸೈಕಲ್ಲಿನ ಮೇಲೆ ಹೊದಿಸಿದ್ದ ಗೋಣಿಯನ್ನು ತೆಗೆದೆ. ಈ ಕೆಲಸ ಶುರುವಾದದ್ದು ಆಗ.

ಆಗ ನನಗೆ ಇಪ್ಪತ್ತೆರಡು ವರ್ಷ. ಕಚೇರಿಯ ಗುಮಾಸ್ತರಲ್ಲಿ ಎಲ್ಲರಿಗಿಂತ ಕಿರಿಯನಾದ್ದರಿಂದ ದಿನವೂ ಎಂಟೂವರೆಗೆ ಮಳೆ ಅಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಿಂದ ಏನನ್ನಾದರೂ ತಾರೀಖು ಹಾಕಿ ಬರೆದಿಡುವ ಅಭ್ಯಾಸ ಹತ್ತಿತು. ಹಸು ಕರು ಹಾಕಿದ ದಿನ, ಲಾಟೀನಿನ ಬತ್ತಿ ಬದಲಿಸಿದ ದಿನ, ಬಸ್ಸು ಎಷ್ಟು ನಿಮಿಷ ತಡ, ಎಲ್ಲವೂ ನನ್ನ ಡೈರಿಯಲ್ಲಿದ್ದವು.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಹೊಲಿಗೆ ಮಿಷನ್ ರಿಪೇರಿ ಅವನ ಕಸುಬು. ಸೋಮವಾರ ಸಾಗರದ ದರ್ಜಿಗಳು, ಬುಧವಾರ ಹೊಸನಗರ, ಶುಕ್ರವಾರ ತೀರ್ಥಹಳ್ಳಿ. ನಡುವಿನ ದಿನಗಳಲ್ಲಿ ನಿಟ್ಟೂರಿನ ಕಡೆಯ ಹಳ್ಳಿಗಳು. ಮೋಟಾರ್ ಸೈಕಲ್ ಯುದ್ಧದ ಕಾಲದ್ದು. ಯಾವುದೋ ಎಸ್ಟೇಟಿನಲ್ಲಿ ದುಡಿದು ಸುಸ್ತಾದ ಮೇಲೆ ಅವನ ಕೈಗೆ ಬಂದದ್ದು.

ಸೆಪ್ಟೆಂಬರ್ ಹದಿನೆಂಟು, ಶುಕ್ರವಾರ ಮುಚ್ಚಂಜೆಯಲ್ಲಿ, ತೀರ್ಥಹಳ್ಳಿಯಿಂದ ಬರುವಾಗ, ಊರು ಇನ್ನೂ ಐದು ಮೈಲಿ ಇದೆ ಎನ್ನುವಲ್ಲಿ, ಒಂದು ತಿರುವಿನ ಮೋರಿಯ ಕೆಳಗೆ ಬಿದ್ದು ಅವನು ತೀರಿಕೊಂಡ. ಗಾಡಿಗೆ ಹೆಚ್ಚೇನೂ ಆಗಿರಲಿಲ್ಲ. ಹ್ಯಾಂಡಲ್ ಸೊಟ್ಟಗಾಗಿತ್ತು, ಮುಂದಿನ ದೀಪದ ಗಾಜು ಮತ್ತು ಬಲ್ಬು ಪುಡಿಯಾಗಿದ್ದವು. ದೀಪದ ಗುಂಡಿ ಹಾಕಿದ ಸ್ಥಿತಿಯಲ್ಲೇ ಇತ್ತು.

ಆ ಬೆಳಿಗ್ಗೆ ಅವನಿಗೂ ಅತ್ತಿಗೆಗೂ ಮಾತಿಗೆ ಮಾತು ಬೆಳೆದಿತ್ತು. ಅವಳ ತವರು ತೀರ್ಥಹಳ್ಳಿ. ತನ್ನನ್ನೂ ಕರೆದುಕೊಂಡು ಹೋಗಲಿ ಎಂದು ಅವಳು ಕೇಳಿದ್ದಳು, ಇವನು ಹಬ್ಬಕ್ಕೆ ನೋಡೋಣ ಎಂದಿದ್ದ. ಗಾಡಿ ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, "ಬರೋದಾದ್ರೆ ಹೊತ್ತಿಗೆ ಸರಿಯಾಗಿ ಬನ್ನಿ, ಇಲ್ಲಾಂದ್ರೆ ಅಲ್ಲೇ ಇರಿ" ಅಂದಳು. ಅಮ್ಮ ಅದನ್ನು ಕೇಳಿಸಿಕೊಂಡಿದ್ದಳು. ದುಃಖ ಕೇಳಲು ಬಂದ ಪ್ರತಿಯೊಬ್ಬರ ಮುಂದೆಯೂ ಅಮ್ಮ ಆ ಮಾತನ್ನು ಹೇಳಿದಳು. ಹನ್ನೊಂದು ದಿನಗಳಲ್ಲಿ ಇಪ್ಪತ್ತಾರು ಸಲ ಹೇಳಿದ್ದನ್ನು ನಾನು ಕೇಳಿದ್ದೇನೆ. ಯಾಕೆ ಎಣಿಸಿದೆನೋ ಗೊತ್ತಿಲ್ಲ. ಬೇರೇನೂ ಮಾಡಲು ತೋಚುತ್ತಿರಲಿಲ್ಲ. ಹೆಂಡತಿಯ ಮಾತು ತಲೆಯಲ್ಲಿ ಕೂತು, ಸಿಟ್ಟಿನಲ್ಲಿ ಗಾಡಿ ಓಡಿಸಿ ಸತ್ತ ಎಂದು ಊರಲ್ಲಿ ಮಾತಾಯಿತು.

ಹದಿಮೂರನೇ ದಿನ ಕಳೆದ ಮೇಲೆ ಅತ್ತಿಗೆಯ ಅಪ್ಪ ಬಂದು ಅವಳನ್ನು ಕರೆದುಕೊಂಡು ಹೋದರು. ಇನ್ನು ಸ್ವಲ್ಪ ದಿನ ಇರು ಎಂದು ಅಮ್ಮ ಹೇಳಲಿಲ್ಲ. ಅಕ್ಟೋಬರ್ ಮೂರು, ಶನಿವಾರ, ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕು ಮೇಲೆ ಹಾಕಿಸಿ ನಾನು ಇಳಿಯುವಾಗ ಅತ್ತಿಗೆ ಕಿಟಕಿಯಿಂದ ಕರೆದಳು.

"ನೀನು ಎಲ್ಲದಕ್ಕೂ ಲೆಕ್ಕ ಇಡ್ತೀಯಲ್ಲ. ಒಂದು ನೋಡಿ ಹೇಳ್ತೀಯಾ?"

"ಎಂತದು ಅತ್ತಿಗೆ?"

"ಅವತ್ತು ಆ ಗಾಡಿಗೆ ಲೈಟ್ ಇತ್ತಾ, ಇರಲಿಲ್ವಾ? ಅಷ್ಟೇ. ಏನು ಕಂಡ್ರೂ ಇದ್ದದ್ದು ಇದ್ದ ಹಾಗೆ ಹೇಳು."

ಬಸ್ಸು ಏಳು ನಿಮಿಷ ತಡವಾಗಿ ಹೊರಟಿತು.

ಗಾಡಿಯ ವಿಷಯ ತಿಳಿಯದವರಿಗಾಗಿ ಸ್ವಲ್ಪ ಹೇಳಬೇಕು. ಅದರ ಎಂಜಿನ್ ಓಡಲು ಬ್ಯಾಟರಿ ಬೇಡ, ಕಿಡಿ ಕೊಡಲು ಮ್ಯಾಗ್ನೆಟೋ ಇದೆ. ಬ್ಯಾಟರಿ ಬೇಕಾದದ್ದು ದೀಪಕ್ಕೆ ಮತ್ತು ಹಾರನ್ನಿಗೆ. ಎಂಜಿನ್ ಜೊತೆ ತಿರುಗುವ ಡೈನಮೋ ಆ ಆರು ವೋಲ್ಟಿನ ಬ್ಯಾಟರಿಯನ್ನು ತುಂಬುತ್ತಿರುತ್ತದೆ. ಯಾವಾಗ ಕೊಡಬೇಕು, ಎಷ್ಟು ಕೊಡಬೇಕು ಎಂದು ನೋಡಿಕೊಳ್ಳುವುದು ಸೀಟಿನ ಕೆಳಗಿರುವ ಒಂದು ಕಪ್ಪು ಪೆಟ್ಟಿಗೆ. ಮೆಕ್ಯಾನಿಕ್ಕುಗಳು ಕಟೌಟ್ ಎನ್ನುತ್ತಾರೆ. ದೀಪದ ಬುರುಡೆಯ ಮೇಲೆ ಕೈಗಡಿಯಾರದಷ್ಟು ದೊಡ್ಡ ಮೀಟರ್ ಇದೆ. ಅದರ ಮುಳ್ಳು ಬಲಕ್ಕೆ ಎದ್ದರೆ ಚಾರ್ಜ್ ಆಗುತ್ತಿದೆ ಎಂದರ್ಥ. ಏಳದೆ ಮಧ್ಯದಲ್ಲಿ ಮಲಗಿದರೆ ಇಲ್ಲ. ದೀಪ ಹಾಕಿದಾಗ ಎಡಕ್ಕೆ ವಾಲಿದರೆ ಬ್ಯಾಟರಿ ಖಾಲಿಯಾಗುತ್ತಿದೆ.

ಆ ಮಳೆಗಾಲವಿಡೀ ಅಣ್ಣನಿಗೆ ಈ ಮುಳ್ಳಿನದೇ ಕಾಟ. ಮನೆಗೆ ಬಂದು ಕಾಲು ತೊಳೆಯುವಾಗ ಅವನು ಒಂದೇ ಮಾತು ಹೇಳುತ್ತಿದ್ದ: "ಇವತ್ತು ಮುಳ್ಳು ಎದ್ದಿತ್ತು ಕಣೋ" ಅಥವಾ "ಇವತ್ತು ಮಲಗಿತ್ತು." ನಾನು ಅದನ್ನು ಬರೆದುಕೊಳ್ಳುತ್ತಿದ್ದೆ. "ಬರ್ಕೋ ಬರ್ಕೋ, ನಾಳೆ ಜಮಾಬಂದಿಯಲ್ಲಿ ಸಾಹೇಬ್ರು ಕೇಳ್ತಾರೆ" ಎಂದು ನಗುತ್ತಿದ್ದ. ಮುಳ್ಳು ಮಲಗಿದ ದಿನ ಬೆಳಕಿರುವಾಗಲೇ ಮನೆ ಸೇರುತ್ತಿದ್ದ. ಜೂನ್ ಮಧ್ಯದಿಂದ ಅವನು ತೀರಿದ ದಿನದ ತನಕ ನನ್ನಲ್ಲಿ ಐವತ್ತೆರಡು ದಿನಗಳ ದಾಖಲೆ ಇತ್ತು. ಎದ್ದದ್ದು ಮೂವತ್ತೈದು, ಮಲಗಿದ್ದು ಹದಿನೇಳು. ಕೊನೆಯ ದಿನದ್ದನ್ನು ಅವನು ಹೇಳಿರಲಿಲ್ಲವಾದ್ದರಿಂದ ಅದು ಲೆಕ್ಕದಲ್ಲಿಲ್ಲ.

ಹ್ಯಾಂಡಲ್ಲನ್ನು ಊರಿನ ಕಮ್ಮಾರರು ನೆಟ್ಟಗೆ ಮಾಡಿಕೊಟ್ಟರು. ಹೊಸ ಗಾಜು, ಬಲ್ಬು ಹಾಕಿಸಿದೆ. ಅಕ್ಟೋಬರ್ ಹದಿನೆಂಟು, ಭಾನುವಾರ, ಗಾಡಿಯನ್ನು ಸಾಗರಕ್ಕೆ ಒಯ್ದೆ. ಅಲ್ಲಿ ಅಣ್ಣ ಯಾವಾಗಲೂ ಹೋಗುತ್ತಿದ್ದ ಮೇಸ್ತ್ರಿಯೊಬ್ಬರಿದ್ದರು. ಮಿಲಿಟರಿಯಲ್ಲಿ ಲಾರಿ ರಿಪೇರಿ ಮಾಡಿ ಬಂದವರು, ಐವತ್ತು ದಾಟಿದವರು, ಬಾಯಿ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ಗಾಡಿ ಕಂಡಾಗ ಮಾತ್ರ ಮೊದಲು ಹ್ಯಾಂಡಲ್ಲಿನ ಮೇಲೆ ಕೈಯಾಡಿಸಿದರು. ಆಮೇಲೆ ನಾನು ಪುಸ್ತಕ ತೆಗೆದದ್ದು ಕಂಡು ಬಾಯಿ ಬಂತು.

"ಏನ್ರೀ ಗುಮಾಸ್ತ್ರೇ, ಅದೆಂತದು ಜಾತಕನಾ?"

"ಮುಳ್ಳು ಎದ್ದ ದಿನ, ಮಲಗಿದ ದಿನ ಮೇಸ್ತ್ರಿಗಳೇ."

"ಇದು ಮುದುಕಿ ಮಾರಾಯ್ರೆ. ಮುದುಕಿಗೆ ಒಂದಿನ ಮೈ ಹುಷಾರಿರ್ತದೆ, ಒಂದಿನ ಇರೋದಿಲ್ಲ. ಅದಕ್ಕೆಲ್ಲ ಪುಸ್ತಕ ಇಟ್ರೆ ನನ್ ಹೆಂಡ್ತಿಗೆ ಒಂದು ಬೀರು ಬೇಕಾಗ್ತದೆ."

ಅವರ ಮೊದಲ ಅನುಮಾನ ನೀರಿನ ಮೇಲೆ. ನಮ್ಮ ಕಡೆ ಯಾವ ಯಂತ್ರ ಕೆಟ್ಟರೂ ಮೊದಲ ಅನುಮಾನ ನೀರಿನ ಮೇಲೇ ಹೋಗುವುದು, ನನ್ನದೂ ಹಾಗೇ ಇತ್ತು. ಡೈನಮೋ ಬಿಚ್ಚಿದರು. ಒಳಗಿನ ತಾಮ್ರದ ಉಂಗುರ ಕಪ್ಪಾಗಿತ್ತು. ನಯವಾದ ಮರಳು ಕಾಗದದಿಂದ ತಿಕ್ಕಿ, ತಾಮ್ರದ ಪಟ್ಟಿಗಳ ನಡುವಿನ ಸಂದುಗಳನ್ನು ಮುರಿದ ಗರಗಸದ ತುಂಡಿನಿಂದ ಕೆರೆದು, ಪೆಟ್ರೋಲಿನಲ್ಲಿ ಒರೆಸಿದರು. ಕಟೌಟ್ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗಿನ ಪಾಯಿಂಟುಗಳನ್ನೂ ಉಜ್ಜಿದರು. ಎಂಜಿನ್ ಹಾಕಿದಾಗ ಮುಳ್ಳು ಚೆನ್ನಾಗಿ ಎದ್ದಿತು. ಹೊಸನಗರದವರೆಗೂ ಎದ್ದೇ ಇತ್ತು. ಹಿಂದಿನ ಸಂಜೆ ಗುಡುಗಿನ ಮಳೆ ಬಂದಿತ್ತು, ದಾರಿಯಲ್ಲಿ ಕೆಸರು ಇತ್ತು ಎಂದು ಡೈರಿಯಲ್ಲಿದೆ. ಮೂರನೇ ದಿನ ನಿಟ್ಟೂರಿನ ಕಡೆ ಹೋಗಿ ನೋಡಿದೆ. ಮಲಗಿತ್ತು.

ಅಕ್ಟೋಬರ್ ಇಪ್ಪತ್ತೈದು, ಭಾನುವಾರ, ಎರಡನೇ ಸಲ. ಡೈನಮೋದ ಎರಡು ಕಾರ್ಬನ್ ಬ್ರಶ್ ಸವೆದಿವೆ ಎಂದು ಮೇಸ್ತ್ರಿ ಶಿವಮೊಗ್ಗಕ್ಕೆ ಹೇಳಿಕಳಿಸಿದ್ದರು. ಅವು ತಾಳಗುಪ್ಪದ ರೈಲಿನಲ್ಲಿ ಬಂದಿದ್ದವು. ಅವನ್ನು ಹಾಕಿ, ಸ್ಪ್ರಿಂಗ್ ಬಿಗಿ ಮಾಡಿ, ಬ್ಯಾಟರಿಗೆ ನೀರು ಹಾಕಿದರು. ಅವತ್ತು ಬೆಳಗಿನಿಂದ ಜಿಟಿಜಿಟಿ ಮಳೆ. ಮುಳ್ಳು ಬಲಕ್ಕೆ ಎದ್ದು ನಿಂತಿತು.

"ನೋಡಿ! ಮಿಲಿಟರಿ ಕೈ. ಬರ್ಕೊಳ್ಳಿ, ತಾರೀಖು ಹಾಕಿ, ಬೇಕಾದ್ರೆ ರುಜು ಮಾಡಿಕೊಡ್ತೀನಿ."

ಅವರು ನಿಜವಾಗಿಯೂ ರುಜು ಮಾಡಿದರು. ಆ ಪುಟ ಇನ್ನೂ ಇದೆ. ಇಪ್ಪತ್ತೆಂಟನೇ ತಾರೀಖು ಮುಳ್ಳು ಮತ್ತೆ ಮಲಗಿತು.

ಈ ದಿನಗಳಲ್ಲಿ ನನಗೆ ಏನನ್ನಿಸುತ್ತಿತ್ತು ಎಂದು ಡೈರಿಯಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಮುಳ್ಳು, ಮೈಲಿ, ಮಳೆ. ಅಣ್ಣನ ಅಂಗಿ ಅಮ್ಮ ಯಾರಿಗೋ ಕೊಟ್ಟಳು ಎಂದು ಒಂದು ಸಾಲು ಇದೆ. ಆ ದಿನವೂ ಮುಳ್ಳು ಮಲಗಿತ್ತು.

ಅಕ್ಟೋಬರ್ ಮೂವತ್ತೊಂದು, ಶನಿವಾರ. ಕಚೇರಿಯಲ್ಲಿ ತಿಂಗಳ ಮಳೆಯ ತಖ್ತೆ ಬರೆಯುವ ದಿನ. ಮಳೆ ಪುಸ್ತಕದಿಂದ ನಕಲು ಮಾಡುತ್ತಿರುವಾಗ ಮೇಜಿನ ಮೇಲೆ ನನ್ನ ಡೈರಿಯೂ ತೆರೆದಿತ್ತು. ಹದಿನೆಂಟರ ಹಿಂದಿನ ದಿನ ಮಳೆ, ಮುಳ್ಳು ಎದ್ದಿದೆ. ಇಪ್ಪತ್ತೈದು ಮಳೆ, ಎದ್ದಿದೆ. ಇಪ್ಪತ್ತಾರು ಸ್ವಲ್ಪ ಮಳೆ, ಎದ್ದಿದೆ. ಇಪ್ಪತ್ತೇಳು ಸೊನ್ನೆ, ಇಪ್ಪತ್ತೆಂಟು ಸೊನ್ನೆ, ಮಲಗಿದೆ. ನಾನು ಜೂನ್ ತಿಂಗಳಿಗೆ ಹೋದೆ. ಐವತ್ತೆರಡು ದಿನಗಳನ್ನೂ ಮಳೆ ಪುಸ್ತಕದ ಪಕ್ಕ ಇಟ್ಟು ನೋಡಿದೆ. ಮುಳ್ಳು ಎದ್ದ ಮೂವತ್ತೈದು ದಿನಗಳಲ್ಲಿ ಮೂವತ್ಮೂರು ಮಳೆಯ ದಿನಗಳು. ಮಲಗಿದ ಹದಿನೇಳರಲ್ಲಿ ಹದಿನೈದು, ಎರಡು ದಿನವೋ ಹೆಚ್ಚೋ ಮಳೆ ಬಿಟ್ಟು ಹೊಳವಾಗಿದ್ದ ದಿನಗಳು. ಸೆಪ್ಟೆಂಬರ್ ಹದಿಮೂರರಿಂದ ಹದಿನೆಂಟರವರೆಗೆ ಒಂದು ಹನಿಯೂ ಬಿದ್ದಿರಲಿಲ್ಲ.

ಮರುದಿನ ಭಾನುವಾರ, ಮೂರನೇ ಸಲ ಸಾಗರಕ್ಕೆ ಹೋದೆ. ಮೇಸ್ತ್ರಿಗೆ ಎರಡೂ ಪಟ್ಟಿ ತೋರಿಸಿದೆ.

"ಅಂದ್ರೆ ಮಳೆ ಬಂದ್ರೆ ಚಾರ್ಜ್ ಆಗೋ ಗಾಡಿ ಅಂತೀರಾ? ಎಮ್ಮೆನಾ ಇದು?"

"ಲೆಕ್ಕ ಹಾಗೆ ಹೇಳ್ತದೆ."

"ನಿಮ್ ಲೆಕ್ಕ..." ಎಂದವರು ಪಟ್ಟಿಯನ್ನು ಇನ್ನೊಮ್ಮೆ ನೋಡಿದರು. ಬೆರಳಿಟ್ಟು ಕೆಳಗಿನವರೆಗೂ ಓದಿದರು. "ಒದ್ದೆ ಆದ್ರೆ ಸರಿಯಾಗ್ತದೆ, ಒಣಗಿದ್ರೆ ಕೆಡ್ತದೆ. ಕಬ್ಬಿಣ ಹಾಗೆ ಮಾಡಲ್ಲ. ತಾಮ್ರ ಮಾಡಲ್ಲ. ಮರದ್ದೋ ಚರ್ಮದ್ದೋ ಎಂತದೋ ಒಂದು ಒಳಗಡೆ ಇರ್ಬೇಕು."

ಸೀಟು ಬಿಚ್ಚಿದರು. ಕಟೌಟ್ ಪೆಟ್ಟಿಗೆಯ ಮುಚ್ಚಳವನ್ನು ಅವರು ಮೊದಲ ಸಲವೇ ತೆಗೆದಿದ್ದರು, ಆದರೆ ಪೆಟ್ಟಿಗೆಯನ್ನು ಅದು ಕೂತ ಜಾಗದಿಂದ ಎಬ್ಬಿಸಿರಲಿಲ್ಲ. ಈಗ ಎರಡೂ ಸ್ಕ್ರೂ ಬಿಚ್ಚಿ ಎತ್ತಿದರು. ಕೆಳಗೆ ಎರಡು ಮಡಿಕೆಯ ಅಡಿಕೆ ಹಾಳೆ ಇತ್ತು, ಸೋಗೆಯ ಬುಡದ ಚರ್ಮದಂಥ ಹಾಳೆ. ಸ್ಕ್ರೂಗಳ ತಲೆಯ ಕೆಳಗೂ ಹಾಳೆಯದೇ ಸಣ್ಣ ಬಿಲ್ಲೆಗಳು. ಹಾಳೆಯ ಒಳಮೈಯಲ್ಲಿ ಕಾಪಿಯಿಂಗ್ ಪೆನ್ಸಿಲ್ಲಿನ ನೇರಳೆ ಅಕ್ಷರಗಳು: 10-6-64.

"ಯಾರದ್ದು ಈ ಕೈಬರಹ?" ಎಂದರು ಮೇಸ್ತ್ರಿ.

"ನನ್ನದು."

ಡೈರಿಯಲ್ಲಿ ಆ ದಿನದ ಸಾಲು ಹೀಗಿದೆ: "ಮಳೆ 38 ಮಿ.ಮೀ. ಅಣ್ಣನ ಗಾಡಿಯ ಪೆಟ್ಟಿಗೆ ಅಡಿಗೆ ಹಾಳೆ ಇಟ್ಟೆ, ಥಂಡಿ ಹತ್ತಬಾರದೆಂದು." ಇದು ನೆನಪಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ನೆನಪಿತ್ತು. ಮಳೆಗಾಲ ಬಂದರೆ ನಮ್ಮಲ್ಲಿ ತಲೆಗೆ ಹಾಳೆ, ಕೊಡದ ಬಾಯಿಗೆ ಹಾಳೆ, ಪೆಟ್ಟಿಗೆಯ ಅಡಿಗೆ ಹಾಳೆ. ರಕ್ಷಣೆಗೆಂದು ಇಟ್ಟದ್ದಾದ್ದರಿಂದ ಅನುಮಾನದ ಪಟ್ಟಿಯಲ್ಲಿ ನಾನು ಅದನ್ನು ಬರೆದಿರಲಿಲ್ಲ.

ಮೇಸ್ತ್ರಿ ತುಂಬ ಹೊತ್ತು ಕೈ ಒರೆಸಿಕೊಂಡರು. ಆಮೇಲೆ ತಂತಿಯೊಂದನ್ನು ಎಳೆದು ತೋರಿಸಿದರು. ಪೆಟ್ಟಿಗೆಯಿಂದ ಗಾಡಿಯ ಮೈಗೆ ಅರ್ಥಿಂಗ್ ಕೊಡುವ ತಂತಿ ಅದು. ಮೇಲಿನ ಬಟ್ಟೆಯ ಹೊದಿಕೆ ಸರಿಯಿತ್ತು, ಒಳಗೆ ತುಂಡಾಗಿತ್ತು. ಎಷ್ಟು ವರ್ಷಗಳ ಹಿಂದೆ ತುಂಡಾಗಿತ್ತೋ! ಪೆಟ್ಟಿಗೆಯ ತಗಡು ಗಾಡಿಯ ಕಬ್ಬಿಣದ ಮೇಲೆ ನೇರ ಕೂತಿದ್ದರಿಂದ ಅರ್ಥಿಂಗ್ ಹಾಗೇ ಸಿಗುತ್ತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ನಾನು ನಡುವೆ ಹಾಳೆ ಇಟ್ಟೆ. ನೆನೆದಾಗ ಹಾಳೆ ಮೆತ್ತಗಾಗಿ ಕೂರುತ್ತದೆ; ಸ್ಕ್ರೂ ಸ್ವಲ್ಪ ವಾಲಿ ತೂತಿನ ಅಂಚಿಗೆ ತಾಗಿ ಅರ್ಥಿಂಗ್ ಸಿಗುತ್ತಿತ್ತು. ಒಣಗಿದಾಗ ಹಾಳೆ ಸುರುಟಿ ಬಿರುಸಾಗಿ ಪೆಟ್ಟಿಗೆಯನ್ನು ಎತ್ತಿ ಹಿಡಿಯುತ್ತಿತ್ತು. ಹಾಳೆಯ ಗುಣ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಟೋಪಿ ಮಾಡುವಾಗ ನೆನೆಸಿಯೇ ಮಡಿಸುವುದು. ಅರ್ಥಿಂಗ್ ಇಲ್ಲದಿದ್ದರೆ ಕಟೌಟ್ ಕೆಲಸ ಮಾಡುವುದಿಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ.

ಮೇಸ್ತ್ರಿ ಹಾಳೆ ತೆಗೆದು, ಜಾಗವನ್ನು ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಹೊಸ ತಂತಿ ಹಾಕಿ ಪೆಟ್ಟಿಗೆ ಕೂರಿಸಿದರು. ಮುಳ್ಳು ಎದ್ದು ಅಲ್ಲಾಡದೆ ನಿಂತಿತು.

"ಟೀ ಕುಡೀರಿ" ಎಂದರು. ಅವತ್ತು ಅವರು ಬೇರೆ ತಮಾಷೆ ಮಾಡಲಿಲ್ಲ.

ಟೀ ಕುಡಿಯುವಾಗ ಕೇಳಿದೆ: "ಚಾರ್ಜ್ ಇಲ್ದೆ ದೀಪ ಹಾಕಿದ್ರೆ ಹೇಗೆ ಹೋಗ್ತದೆ?"

"ನಿಧಾನಕ್ಕೆ. ಮೊದ್ಲು ಹಳದಿ, ಆಮೇಲೆ ಕೆಂಪು, ಬೀಡಿ ತುದಿ ಹಾಗೆ. ಹತ್ತು ನಿಮಿಷವೋ ಅರ್ಧ ಗಂಟೆಯೋ, ಬ್ಯಾಟರಿ ಎಷ್ಟಿತ್ತು ಅನ್ನೋದ್ರ ಮೇಲೆ." ಸ್ವಲ್ಪ ತಡೆದು, "ಇನ್ನೊಂದು ರೀತಿನೂ ಉಂಟು. ಬ್ಯಾಟರಿ ವೈರು ಸಡಿಲ ಇದ್ದು, ಈ ಅರ್ಥಿಂಗ್ ಒಮ್ಮೆ ತಾಗಿ ಒಮ್ಮೆ ಬಿಟ್ಟು ಮಾಡ್ತಿದ್ರೆ, ಡೈನಮೋ ಜೋರು ಪೂರಾ ಬಲ್ಬಿಗೇ ಬಂದು ಫಟ್ ಅಂತ ಹೋಗಬಹುದು. ಆಗಬಹುದು ಅಂತೀನಿ. ನಾನು ಕಣ್ಣಾರೆ ಕಂಡಿಲ್ಲ. ಹಳೆ ಬಲ್ಬು ಇದ್ದಿದ್ರೆ ಅದರ ತಂತಿ ನೋಡಿ ಹೇಳ್ತಿದ್ದೆ."

ಬಲ್ಬಿನ ಹಿತ್ತಾಳೆಯ ಬುಡ ಬಿಟ್ಟು ಏನೂ ಉಳಿದಿರಲಿಲ್ಲ. ಬ್ಯಾಟರಿಯ ವೈರು ಸಡಿಲವಿತ್ತು, ಅದು ನನ್ನ ಅಕ್ಟೋಬರ್ ಹನ್ನೆರಡರ ಟಿಪ್ಪಣಿಯಲ್ಲಿದೆ. ಆದರೆ ಬೀಳುವ ಮೊದಲೇ ಸಡಿಲವಿತ್ತೋ, ಬಿದ್ದ ಹೊಡೆತಕ್ಕೆ ಸಡಿಲವಾಯಿತೋ ತಿಳಿಯುವಂತಿಲ್ಲ.

ನವೆಂಬರ್ ಎಂಟು, ಭಾನುವಾರ, ತೀರ್ಥಹಳ್ಳಿಗೆ ಹೋದೆ. ಆ ಮೋರಿಯನ್ನು ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ದಾಟಿದೆ. ಮುಳ್ಳು ಎದ್ದಿತ್ತು. ಅತ್ತಿಗೆ ತವರಿನ ಚಾವಡಿಯಲ್ಲಿ ಮಿಷನ್ ಮುಂದೆ ಕೂತು ಯಾರದೋ ಲಂಗ ಹೊಲಿಯುತ್ತಿದ್ದಳು. ಗಾಡಿಯ ಸದ್ದು ಕೇಳಿ ಅವಳ ಕಾಲು ಪೆಡಲಿನ ಮೇಲೆ ನಿಂತಿತ್ತು. ನಾನು ಒಳಗೆ ಹೋದಾಗಲೂ ಹಾಗೇ ಇತ್ತು.

ನಿಂತುಕೊಂಡೇ ಎಲ್ಲ ಹೇಳಿದೆ. ಪುಸ್ತಕ ತೆಗೆಯಲಿಲ್ಲ. ಹಾಳೆ ನಾನೇ ಇಟ್ಟದ್ದು ಎಂದೂ ಹೇಳಿದೆ.

"ಹಾಗಾದ್ರೆ ಲೈಟ್ ಇರಲಿಲ್ಲ" ಎಂದಳು.

"ಐದು ದಿನದಿಂದ ಮಳೆ ಇರಲಿಲ್ಲ, ಹಾಳೆ ಒಣಗಿ ಚಾರ್ಜ್ ನಿಂತಿತ್ತು. ಹೆಚ್ಚು ಹೊತ್ತು ಉರಿದಿರಲಿಕ್ಕಿಲ್ಲ."

"ಒಮ್ಮೆಲೇ ಹೋಗ್ತದಾ, ನಿಧಾನಕ್ಕಾ?"

ಈ ಪ್ರಶ್ನೆ ಅವಳು ಕೇಳುತ್ತಾಳೆಂದು ನಾನು ಎಣಿಸಿರಲಿಲ್ಲ. ಮೇಸ್ತ್ರಿ ಹೇಳಿದ ಎರಡನ್ನೂ ಹೇಳಿದೆ. ನಿಧಾನಕ್ಕೆ ಹೋಗುವುದೇ ಹೆಚ್ಚು, ಒಮ್ಮೆಲೇ ಹೋಗಲೂಬಹುದು.

"ನಿಧಾನಕ್ಕೆ ಹೋಗಿದ್ರೆ ಅವರಿಗೆ ಗೊತ್ತಾಗ್ತಿತ್ತು. ಗೊತ್ತಾದವರು ಗಾಡಿ ನಿಲ್ಲಿಸಿ ಯಾರ ಮನೆಯಲ್ಲಾದ್ರೂ ಉಳೀತಿದ್ರು. ಅವರು ಅಂಥಾ ಮನುಷ್ಯ, ಅಲ್ವಾ? ನಿಲ್ಲಿಸದೆ ಬಂದದ್ದು ಹೊತ್ತಿಗೆ ಸರಿಯಾಗಿ ಬನ್ನಿ ಅಂತ ನಾನು ಹೇಳಿದ್ದಕ್ಕೆ."

ಅವಳು ಎದ್ದು ಒಳಗೆ ಹೋಗಿ ಎಲೆ ಹಾಕಿದಳು. ಬಡಿಸುವಾಗ, "ಹಾಳೆ ವಿಷಯ ನಿನ್ನ ಅಮ್ಮನಿಗೆ ಹೇಳಿದ್ಯಾ?" ಎಂದು ಕೇಳಿದಳು.

"ಇಲ್ಲ. ಇವತ್ತು ಹೇಳ್ತೀನಿ."

"ಹೇಳಲೇಬೇಕು ಅಂತಿಲ್ಲ ಮಾರಾಯ. ತಪ್ಪು ಒಬ್ಬರ ಮೇಲೆ ಇದೆಯಲ್ಲ, ಸಾಕು."

ಬೆಳಕಿರುವಾಗಲೇ ಮನೆ ಸೇರಿ ಅಮ್ಮನಿಗೆ ಹೇಳಿದೆ. ಅವಳು ಬಿದಿರಿನ ಗೆರಸಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಗೆರಸಿಯನ್ನು ಕೆಳಗಿಟ್ಟಳು.

"ನೀನು ಒಳ್ಳೇದಾಗಲಿ ಅಂತ ಇಟ್ಟದ್ದು. ಅದಕ್ಕೆ ಎಂತ ಮಾಡೋಕಾಗ್ತದೆ? ಅವನ ಆಯಸ್ಸು ಅಷ್ಟೇ ಇತ್ತು." ಗೆರಸಿಯನ್ನು ಮತ್ತೆ ಎತ್ತಿಕೊಂಡಳು. "ಆದ್ರೆ ಅವಳು ಆ ಮಾತು ಆಡಬಾರದಿತ್ತು."

"ಅಮ್ಮಾ, ದೀಪ ಇರಲಿಲ್ಲ ಅಂತ ಹೇಳ್ತಿದ್ದೀನಿ."

"ಕೇಳಿಸ್ತು. ದೀಪ ಇಲ್ದೇ ಇದ್ರೂ ಓಡಿ ಬಂದನಲ್ಲ, ಯಾಕೆ?"

ಒಂದೇ ಪ್ರಶ್ನೆ ಒಂದೇ ದಿನ ಎರಡು ಮನೆಗಳಲ್ಲಿ. ಡೈರಿಯಲ್ಲಿ ಆ ದಿನಕ್ಕೆ ಬರೆದಿರುವುದು: "ಹೋಗಿ ಬಂದೆ. ಹೋಗುವಾಗಲೂ ಬರುವಾಗಲೂ ಮುಳ್ಳು ಎದ್ದಿತ್ತು. ಮಳೆ ಇಲ್ಲ."

ಇದನ್ನು ಬರೆಯುತ್ತಿರುವುದು 1966ರ ಜೂನ್ ತಿಂಗಳಲ್ಲಿ. ಗಾಡಿ ನನ್ನಲ್ಲೇ ಇದೆ, ಮುಳ್ಳು ಒಂದು ದಿನವೂ ಮಲಗಿಲ್ಲ. ಅತ್ತಿಗೆ ತವರಿನಲ್ಲೇ ಇದ್ದಾಳೆ, ಹೊಲಿಗೆ ಮಾಡುತ್ತಾಳೆ. ಈ ಇಪ್ಪತ್ತು ತಿಂಗಳಲ್ಲಿ ಅಮ್ಮ ಅವಳನ್ನು ಕರೆಸಿಲ್ಲ. ಅಮ್ಮ ನನ್ನ ಮೇಲೆ ಒಂದು ಮಾತೂ ಆಡಿಲ್ಲ. ಮೂರು ಊರಿನ ಮೆಕ್ಯಾನಿಕ್ಕುಗಳಲ್ಲಿ ಒಟ್ಟು ಒಂಬತ್ತು ಜನರನ್ನು ಕೇಳಿದ್ದೇನೆ. ಐವರು ದೀಪ ನಿಧಾನಕ್ಕೇ ಹೋಗಬೇಕು ಎಂದರು, ಇಬ್ಬರು ಒಮ್ಮೆಲೇ ಹೋಗಬಹುದು ಎಂದರು, ಇಬ್ಬರು ಗೊತ್ತಿಲ್ಲ ಎಂದರು. ಬಹುಮತದಿಂದ ತೀರ್ಮಾನಿಸುವ ವಿಷಯ ಇದಲ್ಲ. ಒಮ್ಮೆಲೇ ಹೋಗಿದ್ದರೆ ಗಾಡಿ ನಿಲ್ಲಿಸಲು ಅಣ್ಣನಿಗೆ ಹೊತ್ತೇ ಸಿಕ್ಕಿರಲಿಲ್ಲ.

ಆದ್ದರಿಂದ ಓದುಗರಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಆರು ವೋಲ್ಟಿನ ಡೈನಮೋ, ಮ್ಯಾಗ್ನೆಟೋ ಬೇರೆ, ಕಟೌಟ್ ಪೆಟ್ಟಿಗೆಯ ಅರ್ಥಿಂಗ್ ತಾಗಿ ಬಿಟ್ಟು ಆಗುತ್ತಿದೆ, ಬ್ಯಾಟರಿಯ ವೈರು ಸಡಿಲ. ಇಂಥ ಗಾಡಿಯಲ್ಲಿ ಮುಂದಿನ ಬಲ್ಬು ಒಮ್ಮೆಲೇ ಸುಟ್ಟುಹೋದದ್ದನ್ನು ನಿಮ್ಮಲ್ಲಿ ಯಾರಾದರೂ ಕಣ್ಣಾರೆ ಕಂಡಿದ್ದೀರಾ? ಮಿಲಿಟರಿಯಲ್ಲೋ ಎಸ್ಟೇಟಿನಲ್ಲೋ ಇಂಥ ಗಾಡಿ ನೋಡಿಕೊಂಡವರು, ಎಲೆಕ್ಟ್ರಿಕ್ ಕೆಲಸ ಓದಿದವರು, ಯಾರಾದರೂ ಸರಿ. ಕಂಡಿದ್ದರೆ ಎಷ್ಟು ವೇಗದಲ್ಲಿದ್ದಾಗ, ಹೇಗೆ ಹೋಯಿತು ಎಂದು ಈ ಪತ್ರಿಕೆಯ ಸಂಪಾದಕರ ಮೂಲಕ ನನಗೆ ಬರೆಯಿರಿ. ಹಾಗಾಗಲು ಸಾಧ್ಯವೇ ಇಲ್ಲ ಎಂದು ಖಚಿತವಾಗಿ ಬಲ್ಲವರೂ ಬರೆಯಿರಿ. ಯಾವ ಕಾಗದ ಬಂದರೂ ಅದನ್ನು ತೀರ್ಥಹಳ್ಳಿಗೆ ಒಯ್ದು, ಬರೆದದ್ದನ್ನು ಬರೆದ ಹಾಗೇ ಓದಿ ಹೇಳುತ್ತೇನೆ.